ಪಣಜಿ ಕ್ಯಾಸಿನೋ ಎದುರಿನ ಹೋಟೆಲ್: ಎರಡನೇ ರಾತ್ರಿ ರೊಕ್ಕ ವಾಪಸ್ ಬರತೈತೇನ್ರಿ?

ಧಾರವಾಡದಾಂವ:
ನಮಸ್ಕಾರ್ರಿ. ಹ್ವಾದ ಶನಿವಾರ ನಾನು, ಹೆಂಡ್ತಿ, ನಮ್ಮಪ್ಪ ಚೋರ್ಲಾ ಘಾಟ ಇಳದು ಪಣಜಿಗೆ ಹೋಗಿದ್ವಿ. ಮಾಂಡವಿ ದಂಡಿಗೆ, ಕ್ಯಾಸಿನೋ ಹಡಗಿಗೆ ಹೋಗೋ ಜೆಟ್ಟಿ ಹತ್ತರಾನ ಹೊಸಾ ಹೋಟೆಲ್. ರೀಲ್ಸ್‌ನಾಗ ನೋಡಿ ನಮ್ಮಾಕಿ ಆರಿಸಿದ್ದು (ಇದನ್ನ ಆಕಿಗೆ ತೋರಸಬ್ಯಾಡ್ರಿ). ರೂಮಿಗೆ ದಿನಕ್ಕ 5,400, ಅಪ್ಪಗ ಎಕ್ಸ್‌ಟ್ರಾ ಬೆಡ್ 1,200, ಟ್ಯಾಕ್ಸ್ ಬ್ಯಾರೆ. ಎರಡೂ ದಿನದ್ದು ಕೌಂಟರ್‌ನಾಗ ಮೊದಲೇ ಇಸ್ಕೊಂಡ್ರು. ಮ್ಯಾಲ 2,000 ಡಿಪಾಸಿಟ್.

ರಿವರ್ ವ್ಯೂ ಅಂದಿದ್ರು. ಕಿಟಕಿ ತಗದ್ರ ಬಾಜೂ ಬಿಲ್ಡಿಂಗಿನ ಏಸಿ ಡಬ್ಬಿಗಳು, ಅವುಗಳ ನಡುವ ಗೇಣುದ್ದ ನದಿ. ಆ ಗೇಣಿನಾಗಿಂದನ ಹಡಗಿನ ದೀಪ ಒಳಗ ಬಂದು ರಾತ್ರಿಪೂರ್ತಿ ಗ್ವಾಡಿ ಮ್ಯಾಲ ಕೆಂಪು, ನೀಲಿ, ಕೆಂಪು, ನೀಲಿ. ಪಡದೆ ಇತ್ತು, ಹಿಟ್ಟು ಸಾಣಿಸೋ ಅರಬಿ ಇದ್ದಂಗ.

ಅದನ್ನೂ ತಡಕೋಬಹುದಿತ್ತು. ಬಾತ್‌ರೂಮಿಗೆ ಗ್ವಾಡಿನೇ ಇಲ್ಲರಿ! ಮಂಚದ ಬಾಜೂಕ ಪೂರಾ ಗಾಜು. ಫ್ಯಾಶನ್ ಅಂತ. 71 ವರ್ಷದ ಅಪ್ಪ, ಸೊಸಿ, ನಾನು. ಒಬ್ರು ಜಳಕಕ್ಕ ಹೋದ್ರ ಉಳದಿಬ್ರು ಹೊರಗ ಕಾರಿಡಾರ್‌ನಾಗ. ಎರಡನೇ ಸಲ ನಿಂತಾಗ ರೂಮ್ ಒರಸೋ ಹುಡುಗ "ಕೀಲಿ ಕಳದಾವೇನ್ರಿ ಯಜಮಾನ್ರ" ಅಂತ ಅಪ್ಪನ್ನ ಕೇಳಿದ. ಕನ್ನಡದಾಗ! ಗದಗಿನಾಂವಂತ. ಅಪ್ಪ ಅವನ ಮುಂದ ಏನ್ ಹೇಳಬೇಕು?

ಮಾಳಿಗಿ ಮ್ಯಾಲಿನ ಬಾರ್ ಒಂದೂವರಿ ತನಕ ದಡ್ ದಡ್. ಫೋನ್ ಮಾಡಿದ್ರ "ಸರ್, ಇದು ಕ್ಯಾಸಿನೋ ಏರಿಯಾ" ಅಂದು ಇಟ್ಟುಬಿಟ್ರು. ಮುಂಜಾನೆ ಐದಕ್ಕ ಅಪ್ಪಗ ಚಾ ಬೇಕು. ರೂಮಿನಾಗ ಕೆಟಲ್ ಇಲ್ಲ, ಕಿಚನ್ ತಗಿಯೋದು ಎಂಟೂವರಿಗೆ. ಒಂದ ರಾತ್ರಿಗೆ ಸಾಕಾಗಿ ಬಂದ್ವಿ. ಎರಡನೇ ರಾತ್ರಿದು ವಾಪಸ್ ಇಲ್ಲ ಅಂತಾರ, ಡಿಪಾಸಿಟ್‌ನಾಗೂ 500 ಮುರಕೊಂಡಾರ. ಏನ್ ಮಾಡ್ಲಿ?

ಕಾರವಾರಿಗ:
ನಾನು ಪಣಜಿಯಲ್ಲೇ ಹನ್ನೊಂದು ವರ್ಷದಿಂದ ಹೋಟೆಲ್ ಕೆಲಸದಲ್ಲಿದ್ದೇನೆ. ಗೋವಾದಲ್ಲಿ ಮನುಷ್ಯರು ಕೂತು ಇಸ್ಪೀಟ್ ಎಲೆ ಹಂಚುವ ಟೇಬಲ್ ಇರುವುದು ಹಡಗಿನ ಮೇಲೆ ಮಾತ್ರ, ನೆಲದ ಮೇಲೆ ದೊಡ್ಡ ಹೋಟೆಲ್‌ಗಳಲ್ಲಿ ಮಷೀನ್ ಆಟ ಅಷ್ಟೆ. ಆಡುವವರು ರಾತ್ರಿ ಜೆಟ್ಟಿಯಿಂದ ದೋಣಿ ಹತ್ತಿ ಹೋಗಿ ಬೆಳಗಿನ ಜಾವ ಬರ್ತಾರೆ, ಮಧ್ಯಾಹ್ನದವರೆಗೆ ನಿದ್ದೆ. ಆ ಸಾಲಿನ ಹೋಟೆಲ್‌ಗಳು ನಡೆಯೋದು ಅವರ ಮೇಲೆ. ಐದಕ್ಕೆ ಚಾ ಕೇಳುವ ಗಿರಾಕಿ ಅವರ ಲೆಕ್ಕದಲ್ಲೇ ಇಲ್ಲ. ಆದರೆ ತೆರೆದ ಮಾಳಿಗೆಯ ಸ್ಪೀಕರಿಗೆ ಕ್ಯಾಸಿನೋ ಏರಿಯಾ ಅಂತ ರಿಯಾಯಿತಿ ಏನಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಗಲೇ 112ಕ್ಕೆ ಫೋನ್ ಮಾಡಬೇಕಿತ್ತು. ಅಪ್ಪನ ಜೊತೆ ಮತ್ತೆ ಬಂದರೆ ಮಿರಾಮಾರ್ ಬೀಚ್ ಕಡೆ ನೋಡಿ.

ಬಿಲ್ ಓದುವವಳು:
ಎರಡನೇ ರಾತ್ರಿ ದುಡ್ಡು ಬರೋದು ಕಷ್ಟ, ನೀವಾಗೇ ಬಿಟ್ಟು ಬಂದಿದ್ದೀರ. ಬಿಲ್‌ನಲ್ಲಿ ಜಿಎಸ್‌ಟಿ ಎಷ್ಟು ಹಾಕಿದ್ದಾರೆ ನೋಡಿ. ದಿನಕ್ಕೆ 7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ 5%. ಬೆಡ್ ಸೇರಿಸಿದರೂ ನಿಮ್ಮದು 6,600.

ಧಾರವಾಡದಾಂವ:
ಅಕ್ಕಾರ, ಕನ್ನಡಕ ಹಾಕ್ಕೊಂಡು ನೋಡಿದೆ. 18% ಹಚ್ಚ್ಯಾರ್ರಿ! 13,200ಕ್ಕ 2,376.

ಬಿಲ್ ಓದುವವಳು:
660 ಆಗಬೇಕಿತ್ತು. ಉಳಿದ 1,716 ಕೇಳಿ ಬಿಲ್ ಫೋಟೋ ಹಾಕಿ ಈಮೇಲ್ ಮಾಡಿ. ಸುಮ್ಮನಿದ್ದರೆ 1915, ಗ್ರಾಹಕ ಸಹಾಯವಾಣಿ. 500 ಯಾತಕ್ಕೆ ಮುರಿದರು ಅಂತಲೂ ಬರೆಸಿಕೊಳ್ಳಿ.

ಹುಬ್ಬಳ್ಳಿ ಹುಡುಗ:
ಅದೆಲ್ಲಾ ಇರ್ಲಿ ಕಾಕಾ, ಆ ಗಾಜಿಗೆ ಒಂದು ಬೆಡ್‌ಶೀಟ್ ಕಟ್ಟಬೇಕಿಲ್ಲೇನು?

ಧಾರವಾಡದಾಂವ:
ಕಟ್ಟಿದ್ವಿ ತಮ್ಮಾ. ಆ ಗದಗಿನ ಹುಡುಗ ಕೇಳಿ ಹ್ವಾದ ಮ್ಯಾಲ ಹೊಳೀತು. 500 ಅದರದ್ದ.