ಆನೆಗೊಂದಿ ಹತ್ತಿರದ ಗದ್ದೆಯಲ್ಲಿ ಹೋಂಸ್ಟೇ ಕಟ್ಟಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಆನೆಗೊಂದಿ ಬಳಿ ನಮ್ಮದು ಎರಡು ಎಕರೆ ಭತ್ತದ ಗದ್ದೆ. ಅರ್ಧ ಎಕರೆಯಲ್ಲಿ ನಾಲ್ಕು ರೂಮು ಕಟ್ಟೋಣ ಅಂತಾನೆ ತಮ್ಮ. ಅಪ್ಪ ಒಪ್ಪುತ್ತಿಲ್ಲ. ಹಂಪಿ ಸುತ್ತ ಇಂಥದ್ದು ಮಾಡಿದವರಿಗೆ ಏನಾಯಿತು?

ಹಂಪಿ ಬಜಾರಿನಲ್ಲಿದ್ದವರು: ವಿರೂಪಾಕ್ಷ ಗುಡಿ ಮುಂದಿನ ಕಲ್ಲು ಮಂಟಪದ ಸಾಲಿನಲ್ಲಿ ನಮ್ಮ ಸಣ್ಣ ಹೋಟೆಲ್ ಇತ್ತು. 2011ರ ಜುಲೈನಲ್ಲಿ ಬಜಾರು ತೆರವಾಯಿತು. ವರ್ಷಗಟ್ಟಲೆ ಕರೆಂಟ್ ಬಿಲ್ ಕಟ್ಟಿದ್ದೆವು. ಜಾಗ ನಮ್ಮದು ಅನ್ನೋಕೆ ಮಾತ್ರ ಒಂದು ಕಾಗದವೂ ಇರಲಿಲ್ಲ. ಬದಲಿ ಜಾಗ ಕಡ್ಡಿರಾಂಪುರದ ಕಡೆ ಸಿಕ್ಕಿತು. ಗುಡಿಗೆ ಬಂದವರು ಇಡ್ಲಿ ತಿನ್ನೋಕೆ ಅಷ್ಟು ದೂರ ಬರುತ್ತಾರಾ? ನಿಮಗೆ ಪಹಣಿ ಇದೆ, ಒಳ್ಳೆಯದು. ಆದರೆ ಅದೊಂದೇ ಸಾಲದು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ನಮ್ಮ ಕಡೆ ಎಡವಿದಲ್ಲೆಲ್ಲ ಸ್ಮಾರಕ, ಅಲ್ವಾ! ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಮೊದಲು ಕಚೇರಿ ಸುತ್ತಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ.

ಗಂಗಾವತಿಯಿಂದ: ಹಂಪಿ ಎದುರು ಹೊಳೆ ನಡುವಿನ ವಿರೂಪಾಪುರ ಗಡ್ಡೆ ನೆನಪಿಸಿಕೊಳ್ಳಿ. ಅಲ್ಲಿನ ರೆಸಾರ್ಟ್‌ಗಳು ಅಕ್ರಮ ಅಂತ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅದೇ ತಿಂಗಳು ಲಾಕ್‌ಡೌನ್ ಬೇರೆ. ಅಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಚಿಕ್ಕಪ್ಪನ ಮಗ ಬೆಂಗಳೂರು ಸೇರಿದವನು ಇನ್ನೂ ವಾಪಸ್ ಬಂದಿಲ್ಲ.

ಆನೆಗೊಂದಿಯಿಂದ: ನಾವು ಹೊಸದೇನೂ ಕಟ್ಟಲಿಲ್ಲ ತಂಗಿ. ಹಳೇ ಮನೆಯ ಎರಡು ಕೋಣೆಗೆ ಸುಣ್ಣ ಬಳಿದು, ಕಮೋಡ್ ಹಾಕಿಸಿ, ಪರವಾನಗಿ ಮಾಡಿಸಿಕೊಂಡೆವು, ಅಷ್ಟೇ. ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಜನ. ಏಪ್ರಿಲ್‌ನಲ್ಲಿ ಬಂಡೆ ಕಾದರೆ ಒಂದು ನರಪಿಳ್ಳೆಯೂ ಇರುವುದಿಲ್ಲ. ದುಡ್ಡು ಉಳಿಯುವುದು ರೂಮಿಗಿಂತ ಊಟದಲ್ಲೇ ಜಾಸ್ತಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡುತ್ತೇವೆ. ಅನ್ನದ ಅಕ್ಕಿ, ಬಾಳೆಹಣ್ಣು ನಮ್ಮದೇ ಹೊಲದ್ದು. ಗದ್ದೆ ಕಳೆದುಕೊಂಡಿದ್ದರೆ ಅದನ್ನೂ ಕೊಳ್ಳಬೇಕಿತ್ತು. ಬೇಸಿಗೆಯಲ್ಲಿ ಅತ್ತೆ, ನಾನು ಬಾಳೆ ನಾರಿನ ಚೀಲ ಹೆಣೆಯುತ್ತೇವೆ. ಆಗ ಕೈ ಹಿಡಿಯುವುದು ಅದೇ.

ತಳವಾರಘಟ್ಟದಿಂದ: ನಾನು ಹರಿಗೋಲು ಹಾಕುವವನು. ಡ್ಯಾಂನಿಂದ ನೀರು ಬಿಟ್ಟರೆ ಹರಿಗೋಲು ಬೋರಲು ಹಾಕಿ ನಾಟಿಗೆ ಹೋಗುತ್ತೇನೆ. ಎಲ್ಲರೂ ರೂಮು ಕಟ್ಟಿದರೆ ನಾಟಿ ಮಾಡೋಕೆ ಗದ್ದೆ ಎಲ್ಲಿ ಹುಡುಕಲಿ?

ಪ್ರಶ್ನೆ ಕೇಳಿದವಳು: ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಅಜ್ಜಿಯ ಮನೆ ಊರೊಳಗೇ ಸುಮ್ನೆ ಬೀಗ ಹಾಕಿಕೊಂಡು ಬಿದ್ದಿದೆ. ಅಕ್ಕಾ, ಆ ಕಮೋಡ್ ಕೆಲಸಕ್ಕೆಲ್ಲ ಎಷ್ಟು ಖರ್ಚಾಯಿತು?