ನಾಲ್ಕು ಸಾವಿರ ಫೋಟೋ ಇದೆ, ಪ್ರಾಜೆಕ್ಟ್ ಮಾತ್ರ ಆಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಿದ್ದಾಪುರ ಹತ್ತಿರ. ಮೂರು ವರ್ಷದಿಂದ ಕೊಡಗಿನ ಫೋಟೋ ತೆಗೆಯುತ್ತಿದ್ದೇನೆ. ಮಂಜು, ತಲಕಾವೇರಿ, ದುಬಾರೆ ಆನೆ, ಪುತ್ತರಿ ಹಬ್ಬದ ಕೋಲಾಟ, ಕಾಫಿ ಹೂ, ಕಾಫಿ ಒಣಗಿಸುವ ನಮ್ಮ ಮನೆ ಕಣ, ಎಲ್ಲಾ ಸೇರಿ ನಾಲ್ಕು ಸಾವಿರ ಇರಬಹುದು. ಒಟ್ಟಿಗೆ ಇಟ್ಟರೆ ಕ್ಯಾಲೆಂಡರ್ ಥರ ಕಾಣುತ್ತದೆ. ಇದನ್ನು ಒಂದು ಪ್ರಾಜೆಕ್ಟ್ ಮಾಡುವುದು ಹೇಗೆ? ಇಪ್ಪತ್ತು ಫೋಟೋ ಕಳಿಸಿದ್ದೇನೆ.

ಉತ್ತರ: ಇಪ್ಪತ್ತನ್ನೂ ನೋಡಿದೆ. ಒಂದೊಂದಾಗಿ ಚೆನ್ನಾಗಿವೆ. ಆದರೆ ಕೊಡಗು ಅಂದರೆ ಇಡೀ ಜಿಲ್ಲೆ, ಅಷ್ಟು ದೊಡ್ಡದನ್ನು ಹಿಡಿಯಲು ಹೋದರೆ ಕ್ಯಾಲೆಂಡರೇ ಆಗುತ್ತದೆ. ಮಂಜನ್ನು ಮಡಿಕೇರಿಯ ರಾಜಾಸೀಟಿಗೆ ಬಂದವರೆಲ್ಲ ತೆಗೆಯುತ್ತಾರೆ, ಅಲ್ವಾ?

ನಾನು ಮತ್ತೆ ಮತ್ತೆ ನೋಡಿದ್ದು ಕಣದ ಎರಡು ಫೋಟೋ. ಒಂದರಲ್ಲಿ ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲ್ ಎಳೆಯುತ್ತಿದ್ದಾರೆ. ಇನ್ನೊಂದು ಜುಲೈನದು. ಅದೇ ಕಣ, ಪಾಚಿ ಹಿಡಿದಿದೆ, ಮೂಲೆಯಲ್ಲಿ ಮಗುವಿನ ಒಂದೇ ಚಪ್ಪಲಿ. ಕಣವನ್ನೇ ಹಿಡಿದುಕೊಳ್ಳಿ.

ಕಣಕ್ಕೆ ನವೆಂಬರ್ ಕೊನೆಯಿಂದ ಅರೇಬಿಕಾ ಕಾಫಿ ಬರುತ್ತದೆ, ಜನವರಿಯಿಂದ ರೋಬಸ್ಟಾ ಕಾಫಿ, ಜೊತೆಗೇ ಕರಿಮೆಣಸು, ಹಸಿರು ಹೋಗಿ ಕಪ್ಪಾಗುವ ತನಕ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ತೋಟ ಕಾಯುತ್ತಿರುತ್ತದೆ, ಕಣದಲ್ಲಿ ಇನ್ನೂ ರೋಬಸ್ಟಾ ಹರಡಿರುತ್ತದೆ. ಮೋಡ ನೋಡಿ ಖುಷಿ ಪಡುವವರೂ ಟಾರ್ಪಾಲ್ ಹಿಡಿದು ಓಡುವವರೂ ಒಂದೇ ಮನೆಯವರು! ಆ ಮುಖಗಳು ನಿಮ್ಮಲ್ಲಿ ಇಲ್ಲ. ಒಣಗಿತಾ ಅಂತ ಒಂದು ಹಿಡಿ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾರಲ್ಲ, ಒಳಗೆ ಬೀಜ ಗಲಗಲ ಅನ್ನುತ್ತದೆ. ಆ ಕೈಯೂ ಇಲ್ಲ.

ಕಣ ನಾಲ್ಕೈದು ಸಾಕು. ನಿಮ್ಮದು, ಒಂದು ದೊಡ್ಡ ಎಸ್ಟೇಟಿನ ಸಿಮೆಂಟ್ ಕಣ, ಸಗಣಿ ಸಾರಿಸಿದ ಮಣ್ಣಿನ ಕಣ ಸಿಕ್ಕರೆ ಬಿಡಬೇಡಿ. ಪ್ರತಿ ಕಣದಲ್ಲೂ ಒಂದು ಜಾಗಕ್ಕೆ ಕಲ್ಲಿಟ್ಟು ಗುರುತು ಮಾಡಿ. ತಿಂಗಳಿಗೊಮ್ಮೆ ಅಲ್ಲೇ ನಿಂತು, ಅದೇ ಲೆನ್ಸಿನಲ್ಲಿ, ಅದೇ ಎತ್ತರದಿಂದ ಒಂದು ಫೋಟೋ. ಮಿಕ್ಕಿದ್ದು ನಿಮ್ಮಿಷ್ಟ. 35 ಎಂಎಂ ಇದ್ದರೆ ಅದೊಂದೇ ಸಾಕು. ಬೆಳಗಿನ ಚೆಂದದ ಬೆಳಕಿಗೆ ಕಾಯಬೇಡಿ. ಕಾಫಿ ಒಣಗುವುದು ನಡು ಮಧ್ಯಾಹ್ನದ ಬಿಸಿಲಿನಲ್ಲಿ. ನೆರಳು ಗಟ್ಟಿಯಾಗಿ ಬಿದ್ದರೂ ಪರವಾಗಿಲ್ಲ, ಆಗಲೇ ತೆಗೆಯಿರಿ.

ಮೂರು ತಿಂಗಳಿಗೊಮ್ಮೆ ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಫೋನಿನಲ್ಲಿ ನೋಡಿದರೆ ಒಂದಕ್ಕೊಂದು ಹೊಂದುತ್ತದಾ ಅಂತ ಗೊತ್ತಾಗುವುದಿಲ್ಲ. ಕೋಲಾಟದ ಆ ಫೋಟೋ ಹೊರಗೆ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ, ಗೊತ್ತು.

ಪ್ರಶ್ನೆ: ಸರ್, ಎಷ್ಟು ವರ್ಷ ಬೇಕು? ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರು ಫೋಟೋಗೆ ಒಪ್ಪುತ್ತಾರಾ?

ಉತ್ತರ: ಕಡಿಮೆ ಅಂದರೆ ಎರಡು ಕೊಯ್ಲು. ಮೊದಲನೆಯದರಲ್ಲಿ ಏನು ತಪ್ಪಿಸಿಕೊಂಡಿರಿ ಅಂತ ಗೊತ್ತಾಗುತ್ತದೆ, ಎರಡನೆಯದರಲ್ಲಿ ಅದನ್ನು ತೆಗೆಯುತ್ತೀರಿ. ತೋಟದ ಯಜಮಾನರು ಹೂಂ ಅಂದರೆ ಮುಗಿಯಲಿಲ್ಲ, ಕೆಲಸದವರನ್ನೂ ಬೇರೆಯಾಗಿ ಕೇಳಿ. ಅಸ್ಸಾಂನಿಂದ ಬಂದವರೂ ಇರುತ್ತಾರೆ, ಕನ್ನಡ ಬಾರದಿದ್ದರೆ ಕ್ಯಾಮೆರಾದಲ್ಲೇ ತೋರಿಸಿ ಕೇಳಿ. ಬೇಡ ಅಂದರೆ ಬೇಡ. ಮುಂದಿನ ಸಲ ಹೋಗುವಾಗ ಪ್ರಿಂಟ್ ಕೊಡಿ. ನಾನು ಒಮ್ಮೆ ಕೊಡುತ್ತೇನೆ ಅಂದು ಮರೆತೆ. ಮರುವರ್ಷ ಅದೇ ಅಕ್ಕ ನನ್ನನ್ನು ನೋಡಿ ಬೆನ್ನು ತಿರುಗಿಸಿ ನಿಂತರು.

ಈಗ ಹೇಗೂ ಮಳೆಗಾಲ. ಖಾಲಿ ಕಣದಿಂದಲೇ ಶುರು ಮಾಡಿ. ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಪಾಚಿ ಮೇಲೆ ಕಾಲಿಡುವಾಗ ಮಾತ್ರ ಹುಷಾರು, ಜಾರುತ್ತದೆ.