ಕ್ಯಾಟ್ಲಿಯಾಗೆ ಶಲ್ಕ ಕೀಟ: ಇಮಿಡಾಕ್ಲೋಪ್ರಿಡ್ ಹಾಕಿದರೂ ಹೋಗುತ್ತಿಲ್ಲ, ಮುಂದೇನು?

ಹಸಿರುಕುಂಡ:
ನನ್ನ ಕ್ಯಾಟ್ಲಿಯಾ ಆರ್ಕಿಡ್‌ಗಳಿಗೆ ಶಲ್ಕ ಕೀಟ (ಚಿಪ್ಪಿನಂತೆ ಅಂಟಿ ಕೂತು ರಸ ಹೀರುವ ಸಣ್ಣ ಹುಳ) ಹತ್ತಿದೆ. ಎಲೆಯ ಅಡಿಯಲ್ಲಿ ನಡುನರದ ಉದ್ದಕ್ಕೂ ಮಾಸಲು ಬಿಳಿ ಚುಕ್ಕಿಗಳು. ಬುಡದಲ್ಲಿ ಹತ್ತಿ ಮೆತ್ತಿದ ಹಾಗೆ ಬಿಳಿ ಗುಂಪು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ನೀರಿಗೆ ಬೆರೆಸಿ ಕುಂಡಕ್ಕೆ ಹುಯ್ದೆ. ಆದರೂ ಹೊಸ ಚುಕ್ಕಿ ಬರುತ್ತಲೇ ಇವೆ. ಮಾಲಥಿಯಾನ್ ಹೊಡೆಯಲಾ, ಅಸಿಫೇಟ್ ಹೊಡೆಯಲಾ? ಮೊಗ್ಗು ಬೇರೆ ಬಂದಿದೆ.

ಬಿಳಲುಬೇರು:
ಔಷಧಿ ಆಮೇಲೆ, ಮೊದಲು ಕೀಟ ಯಾವುದು ನೋಡೋಣ. ಎಲೆ ಅಂಟಂಟಾಗಿದೆಯಾ? ಇರುವೆ ಓಡಾಡುತ್ತಿವೆಯಾ? ಒಂದು ಚುಕ್ಕಿಯ ಅಂಚಿಗೆ ಸೂಜಿ ಕೊಟ್ಟು ಎಬ್ಬಿಸಿ. ಚಿಪ್ಪು ಮಾತ್ರ ಏಳುತ್ತಾ, ಹುಳವೂ ಜೊತೆಗೇ ಬರುತ್ತಾ?

ಹಸಿರುಕುಂಡ:
ಅಂಟಿಲ್ಲ, ಇರುವೆಯೂ ಇಲ್ಲ. ಚಿಪ್ಪು ಮಾತ್ರ ಎದ್ದಿತು. ಅಡಿಯಲ್ಲಿ ಹಳದಿ ಮೈ ಎಲೆಗೇ ಕಚ್ಚಿಕೊಂಡಿತ್ತು.

ಬಿಳಲುಬೇರು:
ಹಾಗಾದರೆ ಇದು ಗಟ್ಟಿ ಚಿಪ್ಪಿನ ಜಾತಿ. ಹತ್ತಿಯಂಥ ಗುಂಪೂ ಇದೆ ಅಂದರೆ ಬಹುಶಃ ಬಾಯ್ಸ್‌ಡುವಲ್ ಶಲ್ಕ ಕೀಟ. ಆ ಬಿಳಿ ಗುಂಪು ಗಂಡುಗಳದ್ದು.

ಇಮಿಡಾಕ್ಲೋಪ್ರಿಡ್ ಕೆಲಸ ಮಾಡದ್ದಕ್ಕೆ ಕಾರಣ ಇಲ್ಲೇ ಇದೆ. ಇನ್ನೊಂದು ಬಗೆಯಾದ ಮೆತ್ತನೆ ಶಲ್ಕ ಕೀಟ ಗಿಡದ ಸಿಹಿ ರಸ ಹರಿಯುವ ನಾಳಕ್ಕೇ ಬಾಯಿ ಹಾಕುತ್ತದೆ. ಅಂಟು, ಇರುವೆ, ಕಪ್ಪು ಬೂಷ್ಟು ಎಲ್ಲ ಅದರಿಂದ. ಗಟ್ಟಿ ಚಿಪ್ಪಿನದು ನಾಳ ಬಿಟ್ಟು ಎಲೆಯ ಜೀವಕೋಶಗಳನ್ನೇ ಹೀರುತ್ತದೆ. ಹಾಗಾಗಿ ಬೇರು ಹೀರಿ ಗಿಡದ ರಸಕ್ಕೆ ಸೇರಿಸಿದ ಇಮಿಡಾಕ್ಲೋಪ್ರಿಡ್ ಅದರ ಹೊಟ್ಟೆಗೆ ಸಾಕಷ್ಟು ಸೇರುವುದೇ ಇಲ್ಲ. ಪ್ರಮಾಣ ಜಾಸ್ತಿ ಮಾಡಿದರೂ ಪ್ರಯೋಜನವಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಅದೂ ಅಲ್ಲದೆ ಕುಂಡದಲ್ಲಿರುವುದು ತೊಗಟೆ ಚೂರು, ಹುಯ್ದ ನೀರಲ್ಲಿ ಬಹುಪಾಲು ಸೀದಾ ಕೆಳಗಿಳಿದು ಹೋಗುತ್ತದೆ.

ಮಾಲಥಿಯಾನ್ ಮೈಗೆ ತಾಗಿದರಷ್ಟೇ ಕೊಲ್ಲುತ್ತದೆ. ಚಿಪ್ಪಿನೊಳಗಿರುವ ತಾಯಿಗೆ, ಮೊಟ್ಟೆಗೆ ಅದು ತಾಗುವುದು ಕಷ್ಟ. ನಮಗೆ ಸಿಗುವುದು ಮರಿಗಳು. ಮೊಟ್ಟೆಯೊಡೆದು ಹೊರಬಂದು, ಜಾಗ ಹುಡುಕಿಕೊಂಡು ಹರಿದಾಡುವ ಸಣ್ಣ ಹಳದಿ ಚುಕ್ಕಿಗಳು. ಇವಕ್ಕೆ ಇನ್ನೂ ಚಿಪ್ಪಿರುವುದಿಲ್ಲ. ಎಲ್ಲ ಮೊಟ್ಟೆಯೂ ಒಂದೇ ದಿನ ಒಡೆಯುವುದಿಲ್ಲ, ಅದಕ್ಕೇ ಒಂದು ಸಲ ಹೊಡೆದು ಸುಮ್ಮನಾದರೆ ಮತ್ತೆ ಬರುತ್ತವೆ.

ನಾನಾಗಿದ್ದರೆ ಗಡ್ಡೆಗೆ (ಎಲೆಯ ಕೆಳಗಿನ ಉಬ್ಬಿದ ಕಾಂಡಕ್ಕೆ) ಸುತ್ತಿಕೊಂಡಿರುವ ಒಣ ಸಿಪ್ಪೆಯನ್ನು ಮೊದಲು ಬಿಡಿಸುತ್ತೇನೆ. ಅರ್ಧ ಹುಳ ಅದರ ಒಳಗೇ ಅಡಗಿರುತ್ತವೆ, ಯಾವ ಔಷಧಿಯೂ ಅಲ್ಲಿಗೆ ಹೋಗುವುದಿಲ್ಲ. ಆಮೇಲೆ ಮೆತ್ತನೆ ಹಲ್ಲುಜ್ಜುವ ಬ್ರಷ್ಷನ್ನು 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಕಣ್ಣಿಗೆ ಕಂಡಷ್ಟನ್ನೂ ಉಜ್ಜಿ ತೆಗೆಯುತ್ತೇನೆ. ಬೇರಿನ ಮೇಲೆ ಸುರಿಯಬೇಡಿ. ನಂತರ ಪೈರಿಪ್ರಾಕ್ಸಿಫೆನ್ ಅಥವಾ ಬುಪ್ರೊಫೆಜಿನ್, ಸಿಕ್ಕಿದ್ದು ಸಿಂಪಡಿಸಿ. ಇವು ಮರಿಗಳನ್ನು ಬೆಳೆಯಲು ಬಿಡುವುದಿಲ್ಲ. ದೊಡ್ಡವು ತಕ್ಷಣ ಸಾಯುವುದಿಲ್ಲ, ಗಾಬರಿ ಬೇಡ. ತೋಟಗಾರಿಕೆ ಎಣ್ಣೆಯೂ ಒಳ್ಳೆಯದೇ, ಉಸಿರು ಕಟ್ಟಿಸಿ ಕೊಲ್ಲುತ್ತದೆ. ಬಿಸಿಲಲ್ಲಿ, ಸೆಕೆ ಹೊತ್ತಲ್ಲಿ ಮಾತ್ರ ಹೊಡೆಯಬೇಡಿ, ಎಲೆ ಸುಡುತ್ತದೆ. ಯಾವುದೇ ಆಗಲಿ, ಔಷಧಿಯ ಚೀಟಿಯಲ್ಲಿ ಹೇಳಿದಷ್ಟೇ ಪ್ರಮಾಣ, ಹೇಳಿದ ಅಂತರದಲ್ಲೇ ಮತ್ತೆ ಹೊಡೆಯಬೇಕು.

ಮೊಗ್ಗಿನ ಮೇಲೆ ಏನೂ ಬೇಡ. ಎಣ್ಣೆಯಂತೆ ಇದ್ದು ನೀರಿಗೆ ಹಾಕಿದರೆ ಹಾಲಿನ ಹಾಗಾಗುವ ಔಷಧಿಗಳಲ್ಲಿರುವ ದ್ರಾವಕ ಮೊಗ್ಗು, ಎಳೆ ಚಿಗುರನ್ನು ಸುಡಬಹುದು. ಪುಡಿ ರೂಪದ್ದು ಸಿಕ್ಕರೆ ಅದೇ ವಾಸಿ.

ತೊಗಟೆಚೂರು:
ಒಂದು ಮಾತು ಸೇರಿಸುತ್ತೇನೆ. ಮಾಲಥಿಯಾನ್, ಅಸಿಫೇಟ್ ಎರಡೂ ಒಂದೇ ಗುಂಪಿನವು. ಇದನ್ನು ಬಿಟ್ಟು ಅದನ್ನು ಹಿಡಿದರೆ ಔಷಧಿ ಬದಲಾಯಿಸಿದ ಹಾಗಾಗಲಿಲ್ಲ, ಕೀಟ ಎರಡಕ್ಕೂ ಒಗ್ಗಿಕೊಳ್ಳಬಹುದು. ಅಸಿಫೇಟ್ ವಾಸನೆಯಂತೂ ಮನೆಯೊಳಗೆ ತಡೆಯಲಾಗದು. ಎಲ್ಲ ದೇಶಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಸಿಂಪಡಿಸುವಾಗ ಕೈಗವಸು ಹಾಕಿಕೊಳ್ಳಿ, ಗಿಡವನ್ನು ಹೊರಗೆ ನೆರಳಲ್ಲಿಡಿ. ಜೇನುನೊಣ ಬರುವ ಕಡೆ ಇಮಿಡಾಕ್ಲೋಪ್ರಿಡ್ ಹಾಕಿದ ಗಿಡ ಹೂಬಿಡುವುದು ಒಳ್ಳೆಯದಲ್ಲ, ಹೂವಿರುವಾಗ ಆ ಕುಂಡವನ್ನು ಒಳಗೇ ಇಟ್ಟುಕೊಳ್ಳಿ.

ಹಸಿರುಕುಂಡ:
ಇಬ್ಬರಿಗೂ ಧನ್ಯವಾದ. ಒಣ ಸಿಪ್ಪೆ ಬಿಡಿಸಿದೆ, ಒಳಗೆ ತುಂಬಿಕೊಂಡಿದ್ದವು! ಔಷಧಿ ಹೊಡೆದ ಮೇಲೆ ಸತ್ತಿವೆಯೋ ಇಲ್ಲವೋ ಹೇಗೆ ತಿಳಿಯುವುದು? ಚುಕ್ಕಿ ಉದುರುತ್ತಾ?

ಬಿಳಲುಬೇರು:
ತಾನಾಗಿ ಉದುರುವುದಿಲ್ಲ, ಸತ್ತ ಮೇಲೂ ಚಿಪ್ಪು ಅಂಟಿಕೊಂಡೇ ಇರುತ್ತದೆ. ಉಗುರಲ್ಲಿ ಒತ್ತಿ ನೋಡಿ. ರಸ ಬಂದರೆ ಜೀವಂತ, ಒಣ ಹೊಟ್ಟಿನಂತೆ ಉದುರಿದರೆ ಸತ್ತಿದೆ. ನೋಡಿದ ಮೇಲೆ ಒರೆಸಿಬಿಡಿ, ಆಗ ಹೊಸದು ಬಂದರೆ ತಕ್ಷಣ ಕಾಣುತ್ತದೆ. ಆ ಕುಂಡವನ್ನು ಉಳಿದವುಗಳಿಂದ ದೂರ ಇಡಿ, ಎಲೆಗೆ ಎಲೆ ತಾಗಿದರೆ ಮರಿ ದಾಟಿಬಿಡುತ್ತದೆ.